ವನ್ಯಜೀವಿ ಮಂಡಳಿಯ ಕುರ್ಚಿ ಯಾರಿಗೆ? ಮುಖ್ಯಮಂತ್ರಿಗಳಿಗೆ ಸಿದ್ದಾಪುರದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು,
ಅಧ್ಯಕ್ಷರು, ರಾಜ್ಯ ವನ್ಯಜೀವಿ ಮಂಡಳಿ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ. ಮಾವಿನಗುಂಡಿಯಿಂದ ಗೇರುಸೊಪ್ಪೆ ಕಡೆಗೆ ಘಟ್ಟ ಇಳಿಯುವ ರಸ್ತೆ ಇದೆಯಲ್ಲ, ಅದರ ಆಸುಪಾಸಿನ ಊರು ನಮ್ಮದು. ತೋಟದ ಮೇಲೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟದ ಆಚೆ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ನಾನು ವಿಜ್ಞಾನಿ ಅಲ್ಲ, ಯಾವ ಪಕ್ಷದವನೂ ಅಲ್ಲ. ಒಂದೇ ವಿಷಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಅಭಯಾರಣ್ಯದ ಯೋಜನೆಗಳ ಕಡತ ನೋಡಿ ಸರ್ಕಾರಕ್ಕೆ ಸಲಹೆ ಕೊಡುವ ರಾಜ್ಯ ವನ್ಯಜೀವಿ ಮಂಡಳಿಗೆ ಸರ್ಕಾರ ಹೆಸರಿಸುವ ಸದಸ್ಯರು ಯಾರು, ಅವರನ್ನು ಯಾವ ಲೆಕ್ಕದಲ್ಲಿ ಆರಿಸುತ್ತೀರಿ ಎಂಬ ವಿಷಯಕ್ಕೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಮಳೆ ಸ್ವಲ್ಪ ಹೊಳವಾಗಿತ್ತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವವರು ಬರಬೇಕಿತ್ತು, ಅವರನ್ನು ಕಾಯುತ್ತಾ ರಸ್ತೆ ಬದಿ ನಿಂತಿದ್ದೆ. ಮೇಲೆ ಉಪ್ಪಗೆ ಮರ ಅಲುಗಾಡಿತು. ನೋಡಿದರೆ ಸಿಂಗಳೀಕ ಎಂಬ ಕೋತಿಗಳ ಗುಂಪು. ಕಪ್ಪು ಮೈ, ಕಪ್ಪು ಮುಖ, ಮುಖದ ಸುತ್ತ ಬೂದು ಬಿಳಿ ಕೂದಲು, ಬಾಲದ ತುದಿಗೆ ಒಂದು ಕುಚ್ಚು. ಹಣ್ಣು ಕಿತ್ತು, ಸಿಪ್ಪೆ ಕಚ್ಚಿ ಬಿಸಾಡಿ, ಒಳಗಿನ ತಿರುಳು ತಿನ್ನುತ್ತಿದ್ದವು. ಎಣಿಸಿದೆ. ಹದಿನಾಲ್ಕು. ಎರಡು ತಾಯಂದಿರ ಹೊಟ್ಟೆಗೆ ಮರಿಗಳು ಅಂಟಿಕೊಂಡಿದ್ದವು.

ರಸ್ತೆಯ ಆಚೆ ಬದಿಗೆ ಹೋಗಬೇಕಿತ್ತು ಅವಕ್ಕೆ. ಮೊದಲು ಅಲ್ಲಿ ಎರಡು ದೊಡ್ಡ ಮರಗಳ ಕೊಂಬೆ ರಸ್ತೆಯ ಮೇಲೆ ಒಂದಕ್ಕೊಂದು ತಾಗಿಕೊಂಡಿದ್ದವು. ರಸ್ತೆ ಕೆಲಸದಲ್ಲಿ ಅದರಲ್ಲೊಂದು ಮರ ಹೋಯಿತು. ದೊಡ್ಡ ಗಂಡು ಕೊಂಬೆಯ ತುದಿವರೆಗೆ ಬಂತು, ಆಚೆ ನೋಡಿತು, ವಾಪಸು ಹೋಯಿತು. ಮತ್ತೆ ಬಂತು. ಕೊನೆಗೆ ಬುಡಕ್ಕೆ ಇಳಿದು ಡಾಂಬರಿನ ಮೇಲೆ ಓಡಿತು. ಹಿಂದೆ ಒಂದೊಂದಾಗಿ ಉಳಿದವು. ಅಷ್ಟರಲ್ಲಿ ಕೆಳಗಿನಿಂದ ಗೂಡ್ಸ್ ಗಾಡಿ ಬಂತು. ನಾನು ಕೊಡೆ ಬಿಚ್ಚಿ ರಸ್ತೆ ಮಧ್ಯ ನಿಂತು ಬೀಸಿದೆ. ಡ್ರೈವರ್ ನಿಲ್ಲಿಸಿದ. ಪುಣ್ಯಾತ್ಮ, ಒಂದು ಮಾತೂ ಬೈಯಲಿಲ್ಲ. ಆದರೆ ಒಂದು ಚಿಕ್ಕದು ಹೆದರಿ ಈಚೆಯೇ ಉಳಿಯಿತು. ಅರ್ಧ ಗಂಟೆ ಆಚೆಯಿಂದ ತಾಯಿ ಕೂಗಿತು, ಈಚೆಯಿಂದ ಮರಿ ಕೂಗಿತು. ಆ ಕೂಗು ಕೇಳಿದವರಿಗೆ ಗೊತ್ತು. ಮನುಷ್ಯರೇ ಯಾರನ್ನೋ ಕರೆದ ಹಾಗೆ ಇರುತ್ತದೆ.

ನಮ್ಮ ಪಕ್ಕದ ಕೇರಿಯ ಅಜ್ಜಿಗೆ ಎಂಬತ್ತು ದಾಟಿದೆ. ಉಪ್ಪಗೆ ಒಟ್ಟುಮಾಡುತ್ತಾ ಕಾಡಿನಲ್ಲೇ ಬದುಕು ಕಳೆದವರು. ಅವರಿಗೆ ಇದನ್ನು ಹೇಳಿದೆ. "ನಮ್ಮ ಕಾಲದಲ್ಲಿ ಅದು ನೆಲ ಮುಟ್ಟಿದ್ದನ್ನೇ ಕಂಡಿಲ್ಲ ತಮಾ" ಅಂದರು. ಸಿಂಗಳೀಕಕ್ಕೆ ನೆಲ ಅಂದರೆ ಈಜು ಬಾರದವರಿಗೆ ಹೊಳೆ ಇದ್ದ ಹಾಗೆ. ಒಂದು ಮರ ಹೋದರೆ ಅದಕ್ಕೆ ದಾರಿಯೇ ಹೋಗುತ್ತದೆ.

ಈ ಪ್ರಾಣಿ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಕಾನೂನಿನಲ್ಲಿ ಇದಕ್ಕೂ ಇದೆ. ಹಾಗಿದ್ದರೂ ನಮ್ಮ ಸೀಮೆಯಲ್ಲಿ ಇದು ಎಷ್ಟಿದೆ ಎಂದು ಹೊರಗಿನ ಪ್ರಪಂಚಕ್ಕೆ ಗೊತ್ತಾಗಿದ್ದು ತೀರಾ ಈಚೆಗೆ. 2000ದ ದಶಕದ ಶುರುವಿನಲ್ಲಿ ಕೆಲವು ಸಂಶೋಧಕರು ಶಿರಸಿ–ಹೊನ್ನಾವರದ ಕಾಡುಗಳನ್ನು ನಡೆದು ಹುಡುಕಿದರು. ಮೂವತ್ತಕ್ಕೂ ಜಾಸ್ತಿ ಗುಂಪುಗಳು ಸಿಕ್ಕವು. ಇಂಬಳ ಕಚ್ಚಿಸಿಕೊಂಡು, ನಮ್ಮ ಊರುಗಳ ಜಗಲಿಗಳಲ್ಲಿ ಮಲಗಿ, ಯಾವ ತಿಂಗಳು ಯಾವ ಮರದ ಹಣ್ಣು ತಿನ್ನುತ್ತದೆ ಎಂದು ಬರೆದುಕೊಂಡರು. ಆ ಕೆಲಸದ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಬಂತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯನ್ನೂ ಸುತ್ತಲಿನ ಕಾಡನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. ಇವತ್ತು ಇಲ್ಲಿ 700ಕ್ಕೂ ಹೆಚ್ಚು ಸಿಂಗಳೀಕ ಇವೆ ಎಂಬ ಅಂದಾಜಿದೆ.

ನಮ್ಮ ತಪ್ಪನ್ನೂ ಹೇಳಬೇಕು. ಉಪ್ಪಗೆ ಸಿಪ್ಪೆಗೆ ಒಂದು ಕಾಲದಲ್ಲಿ ಒಳ್ಳೆಯ ರೇಟು ಬಂತು. ಬೊಜ್ಜು ಕರಗಿಸುವ ಔಷಧಿಗೆ ಹೊರದೇಶಕ್ಕೆ ಹೋಗುತ್ತಿತ್ತು. ಆಗ ಹಣ್ಣು ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ದವರು ನಮ್ಮವರೇ. ಒಣಗಿಸಲು ರಾಶಿಗಟ್ಟಲೆ ಸೌದೆ ಉರಿಸಿದವರೂ ನಾವೇ. ಸಿಂಗಳೀಕ ತಿನ್ನುವ ಹಣ್ಣನ್ನೇ ನಾವು ಮಾರುತ್ತಿದ್ದೇವೆ ಎಂದು ತಿಳಿಸಿ ಹೇಳಿದವರು, ಆ ಕಾಡು ತಿರುಗಿದ ಸಂಶೋಧಕರು ಮತ್ತು ಇಲ್ಲಿನ ಪರಿಸರ ಕಾರ್ಯಕರ್ತರು. ಬೈದು ಹೇಳಲಿಲ್ಲ. ಜಗಲಿ ಮೇಲೆ ಕುಳಿತು ಹೇಳಿದರು. ಅದಕ್ಕೇ ನಾವು ಕೇಳಿದೆವು.

ಸ್ವಾಮಿ, ಈಗ ವಿಷಯಕ್ಕೆ ಬರುತ್ತೇನೆ. ಇಂಥ ಕೆಲಸ ಮಾಡಿದವರಿಗಾಗಿಯೇ ಕಾನೂನು ನಿಮ್ಮ ಮಂಡಳಿಯಲ್ಲಿ ಜಾಗ ಇಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಮುಖ್ಯಮಂತ್ರಿಗಳು ಅಧ್ಯಕ್ಷರು, ಅರಣ್ಯ ಸಚಿವರು ಉಪಾಧ್ಯಕ್ಷರು. ಮೂವರು ಶಾಸಕರು. ಅಧಿಕಾರಿಗಳಂತೂ ತುಂಬಾ ಜನ. ಅಷ್ಟಾದ ಮೇಲೆ ವನ್ಯಜೀವಿ ಕೆಲಸದಲ್ಲಿರುವ ಸಂಸ್ಥೆಗಳಿಂದ ಮೂವರು, ಹೆಸರಾಂತ ಸಂರಕ್ಷಕರು, ಪರಿಸರ ವಿಜ್ಞಾನಿಗಳು, ಪರಿಸರವಾದಿಗಳಲ್ಲಿ ಹತ್ತು ಜನ. ಆ ಹತ್ತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದವರು. ಅಂದರೆ ರಾಜಕೀಯದವರಿಗೆ ಮತ್ತು ಸರ್ಕಾರಕ್ಕೆ ಮಂಡಳಿಯಲ್ಲಿ ಜಾಗ ಆಗಲೇ ಇದೆ. ಉಳಿದ ಹದಿಮೂರು ಕುರ್ಚಿ ಬೇರೆಯವರಿಗೆ ಎಂದು ಕಾನೂನು ಬೇಕಂತಲೇ ತೆಗೆದಿಟ್ಟಿದೆ.

ಆ ಹದಿಮೂರು ಕುರ್ಚಿಗಳಲ್ಲೂ ರಾಜಕಾರಣಿಗಳ ಮನೆಯವರು, ಆಪ್ತರು ಬಂದು ಕೂರುತ್ತಾರೆ ಎಂಬ ದೂರು ಹೊಸದೇನಲ್ಲ. ಮಂಡಳಿ ಹೊಸದಾಗಿ ರಚನೆಯಾದಾಗ ಪರಿಸರ ಸಂಘಟನೆಗಳು ಇದನ್ನು ಎತ್ತಿವೆ, ಪತ್ರಿಕೆಗಳಲ್ಲೂ ಬಂದಿದೆ. ನಾನು ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಮಂತ್ರಿಯ ಮಗ, ಶಾಸಕರ ಮಗಳು ಎಂಬ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಅವರು ಕಾಡಿಗಾಗಿ ನಿಜವಾಗಿ ದುಡಿದಿದ್ದರೆ ಆ ಕೆಲಸ ಇಂಥದ್ದು, ಇಷ್ಟು ವರ್ಷದ್ದು ಎಂದು ಹೇಳಿ. ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಕೆಲಸದ ವಿವರವನ್ನೇ ಕೊಡದೆ ಬರೀ ಹೆಸರಿನ ಪಟ್ಟಿ ಹೊರಡಿಸಿದರೆ ಜನ ಏನೆಂದುಕೊಳ್ಳಬೇಕು, ನೀವೇ ಹೇಳಿ.

ನಮ್ಮೂರ ಹಾಲಿನ ಸಂಘಕ್ಕೆ ಡೈರೆಕ್ಟರ್ ಆಗಬೇಕಾದರೆ ಇಂತಿಷ್ಟು ದಿನ ಹಾಲು ಹಾಕಿರಬೇಕು ಎಂಬ ನಿಯಮ ಇದೆ. ಹಾಲು ಹಾಕದವರು ಎಷ್ಟೇ ದೊಡ್ಡವರಾದರೂ ನಿಲ್ಲುವ ಹಾಗಿಲ್ಲ. ಕ್ಯಾನಿನ ಲೆಕ್ಕ ನೋಡುವ ಸಂಘಕ್ಕೇ ಇಷ್ಟು ಕಟ್ಟುನಿಟ್ಟು ಇರುವಾಗ, ಒಂದು ಜೀವಸಂಕುಲ ಉಳಿಯಬೇಕೋ ಬೇಡವೋ ಎಂಬ ಕಡತ ಬರುವ ಮಂಡಳಿಗೆ ಯಾಕಿಲ್ಲ?

ಈ ಕುರ್ಚಿ ಸುಮ್ನೆ ಗೌರವದ ಕುರ್ಚಿ ಅಲ್ಲ. ಕಾಯ್ದೆಯ 29ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ. ಅಭಯಾರಣ್ಯದೊಳಗಿನ ವನ್ಯಜೀವಿಗಳ ನೆಲೆ ಹಾಳು ಮಾಡಲು ಅನುಮತಿ ಕೊಡಬೇಕಾದರೆ, ಅದು ಅಲ್ಲಿನ ವನ್ಯಜೀವಿಗಳ ಒಳಿತಿಗೇ ಬೇಕು ಎಂದು ಸರ್ಕಾರಕ್ಕೆ ಮಂಡಳಿಯ ಜೊತೆ ಸಮಾಲೋಚಿಸಿ ಖಾತ್ರಿಯಾಗಿರಬೇಕು. ರಸ್ತೆ ಇರಲಿ, ರೈಲು ಇರಲಿ, ಕರೆಂಟಿನ ಯೋಜನೆ ಇರಲಿ, ಅಭಯಾರಣ್ಯದ ಕಡತ ಮೊದಲು ನಿಮ್ಮ ಮೇಜಿಗೆ ಬಂದು, ಆಮೇಲೆ ದಿಲ್ಲಿಗೆ ಹೋಗುತ್ತದೆ. ಆ ಹೊತ್ತಿಗೆ "ತಡೀರಿ, ಈ ಜಾಗ ನಾನು ನೋಡಿದ್ದೇನೆ" ಎನ್ನುವ ಒಬ್ಬರಾದರೂ ಕೋಣೆಯಲ್ಲಿ ಇರಬೇಕು. ಸಿಂಗಳೀಕ ಬೆಂಗಳೂರಿಗೆ ಬಂದು ಮಾತಾಡುವುದಿಲ್ಲ.

ಮಾತಾಡುವವರು ಇದ್ದರೆ ಏನಾಗುತ್ತದೆ, ಅವರ ಮಾತು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ. 164 ಕಿಲೋಮೀಟರ್, ಸುಮಾರು 596 ಹೆಕ್ಟೇರ್ ಕಾಡು, ಎರಡು ಲಕ್ಷಕ್ಕೂ ಮಿಕ್ಕಿ ಮರ. 2020ರ ಮಾರ್ಚ್ ಮೊದಲ ಭಾಗದ ಸಭೆಯಲ್ಲಿ ಅದಕ್ಕೆ ಮಂಡಳಿಯ ಒಪ್ಪಿಗೆ ಸಿಗಲಿಲ್ಲ. ಅದೇ ತಿಂಗಳ 20ರಂದು ಇನ್ನೊಂದು ಸಭೆ ನಡೆದು ಒಪ್ಪಿಗೆ ಸಿಕ್ಕಿತು. ಹಲವು ಸದಸ್ಯರು ವಿರೋಧ ಹೇಳಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಓದಿದೆವು. ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ಆ ಎರಡು ಸಭೆಗಳ ನಡುವೆ ಕಾಡಿನಲ್ಲಿ ಏನೂ ಬದಲಾಗಿರಲಿಲ್ಲ.

ಇನ್ನು ಶರಾವತಿ ಪಂಪ್ಡ್ ಸ್ಟೋರೇಜ್. ಇದು ನಮ್ಮ ಮನೆ ಬಾಗಿಲಿನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. 2000 ಮೆಗಾವಾಟ್ ಯೋಜನೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಕರೆಂಟಿಗೆ ಬೇಡಿಕೆ ಕಡಿಮೆ ಇರುವಾಗ ಕೆಳಗಿನ ನೀರನ್ನು ಪಂಪ್ ಮಾಡಿ ಮೇಲಕ್ಕೆ ಎತ್ತುವುದು, ಬೇಡಿಕೆ ಜಾಸ್ತಿ ಆದಾಗ ಬಿಟ್ಟು ಕರೆಂಟು ಮಾಡುವುದು. ಬರುವ ಕರೆಂಟಿಗಿಂತ ನೀರೆತ್ತಲು ಹೋಗುವ ಕರೆಂಟೇ ಜಾಸ್ತಿ. ಆದರೂ ಸೋಲಾರ್, ಗಾಳಿಯ ಕರೆಂಟು ಹೆಚ್ಚಾದಂತೆ ಹೀಗೆ ಕೂಡಿಡುವ ವ್ಯವಸ್ಥೆ ಬೇಕು ಎನ್ನುತ್ತಾರೆ. ಆ ವಾದ ನನಗೆ ಅರ್ಥವಾಗುತ್ತದೆ. ನಮ್ಮ ತೋಟದ ಪಂಪ್‌ಸೆಟ್ ಕೂಡ ಕರೆಂಟಿನಿಂದಲೇ ನಡೆಯುತ್ತದೆ. ಆದರೆ ಅದನ್ನು ಸಿಂಗಳೀಕದ ಹೆಸರಿನಲ್ಲೇ ಘೋಷಣೆಯಾದ ಅಭಯಾರಣ್ಯದ ನಡುವೆಯೇ ಮಾಡಬೇಕಾ? 50 ಹೆಕ್ಟೇರಿಗೂ ಹೆಚ್ಚು ಕಾಡು ಬೇಕು. ಎಲ್ಲ ಸುರಂಗದೊಳಗೆ ಎಂದು ಹೇಳುತ್ತಾರೆ. ಸುರಂಗ ಕೊರೆದ ಕಲ್ಲು ಮಣ್ಣು ಎಲ್ಲಿಗೆ ಹೋಗುತ್ತದೆ? ಅದನ್ನು ಸಾಗಿಸಲು ರಸ್ತೆ ಅಗಲ ಮಾಡಬೇಕಲ್ಲ? ಒಂದು ಮರ ಹೋದದ್ದಕ್ಕೆ ಹದಿನಾಲ್ಕು ಪ್ರಾಣಿಗಳು ಏನು ಪಾಡು ಪಟ್ಟವು ಎಂದು ಮೇಲೆ ಹೇಳಿದೆನಲ್ಲ.

ನಮಗೆ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ರಾಜ್ಯ ಮಂಡಳಿ ಈ ಯೋಜನೆಗೆ ಶಿಫಾರಸು ಮಾಡಿತು. 2025ರ ಜೂನ್‌ನಲ್ಲಿ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿಯೂ ತಾತ್ವಿಕ ಒಪ್ಪಿಗೆ ಕೊಟ್ಟಿತು. ಜನರ ಅಹವಾಲು ಕೇಳುವ ಸಭೆ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಮೊದಲು ತೀರ್ಮಾನ, ಆಮೇಲೆ ಅಭಿಪ್ರಾಯ. ಮಳೆಗಾಲದ ಕೆಲಸ ಬಿಟ್ಟು ಜನ ಹೋದರು, ಬೇಡ ಎಂದು ಮೈಕಿನಲ್ಲಿ ಹೇಳಿ ಬಂದರು. ಲಿಂಗನಮಕ್ಕಿಗೆ ಮನೆ ಮುಳುಗಿಸಿಕೊಂಡ ಕುಟುಂಬಗಳು ಈ ಸೀಮೆಯಲ್ಲಿ ಇನ್ನೂ ಇವೆ. 1964ರ ಅಣೆಕಟ್ಟು ಅದು, ಎಷ್ಟೋ ಜನರಿಗೆ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ನಾಡಿಗೆ ಬೆಳಕು ಕೊಡಲು ಶರಾವತಿ ಎಷ್ಟು ಸಲ ಕೊಡಬೇಕು ಎಂದು ಅವರು ಕೇಳಿದರೆ ಅದಕ್ಕೆ ಉತ್ತರ ಬೇಕು.

ಮಂಡಳಿಯ ಸಭೆಯಲ್ಲಿ ಯಾವ ಸದಸ್ಯರು ಏನು ಹೇಳಿದರು, ಯಾರಾದರೂ ಈ ಕಣಿವೆಗೆ ಬಂದು ನೋಡಿದ್ದರಾ ಎಂದು ತಿಳಿದುಕೊಳ್ಳಲು ನಾನು ಒಂದು ಕಚೇರಿಗೆ ಹೋದೆ. "ಅದೆಲ್ಲ ಬೆಂಗಳೂರಲ್ಲಿ ಕೇಳಬೇಕು" ಎಂದರು. ಬೆಂಗಳೂರಿಗೆ ಫೋನ್ ಮಾಡಿಸಿದರೆ ನಿಮ್ಮ ಜಿಲ್ಲೆಯಲ್ಲೇ ಕೇಳಿ ಎಂದರು. ಕೆಳಗಿನ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ಬೆಟ್ಟದ ಬಗ್ಗೆ ನಡೆದ ಮಾತು ನಮಗೇ ಸಿಗುವುದಿಲ್ಲ ಎಂದರೆ ಬೇಸರವಾಗುತ್ತದೆ.

ಮಂಡಳಿಯ ಕುರ್ಚಿ ಸರಿಯಾಗಿ ತುಂಬದಿದ್ದರೆ ಕೋರ್ಟೇ ಕೇಳಿದ ಉದಾಹರಣೆ ನಮ್ಮ ದೇಶದಲ್ಲಿದೆ. 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯನ್ನು ಮತ್ತೆ ರಚಿಸಿತು. ಕಾಯ್ದೆಯಲ್ಲಿ ಐದು ಸಂಸ್ಥೆ, ಹತ್ತು ತಜ್ಞರು ಎಂದಿದೆ. ಹಾಕಿದ್ದು ಒಂದು ಸಂಸ್ಥೆ, ಅದೂ ಗುಜರಾತ್ ಸರ್ಕಾರವೇ ಕಟ್ಟಿದ್ದು. ತಜ್ಞರು ಇಬ್ಬರೇ. ಆ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮಂಡಳಿಯ ತೀರ್ಮಾನಗಳಿಗೆ ತಡೆ ಕೊಟ್ಟಿತು.

ಅಮೆರಿಕದಲ್ಲಿರುವ ನಮ್ಮ ಊರಿನ ಹುಡುಗನೊಬ್ಬ ಅಲ್ಲಿನ ವಿಷಯ ಹೇಳಿದ. 2019ರಲ್ಲಿ ಅಲ್ಲಿನ ಇಂಟೀರಿಯರ್ ಖಾತೆಯ (ನಮ್ಮ ಗೃಹ ಖಾತೆಯಂತಲ್ಲ, ಸರ್ಕಾರಿ ಜಮೀನು, ವನ್ಯಜೀವಿ ನೋಡಿಕೊಳ್ಳುವ ಖಾತೆ) ಸಚಿವರಾಗಿ ಡೇವಿಡ್ ಬರ್ನ್‌ಹಾರ್ಟ್ ಎಂಬುವರನ್ನು ಅಧ್ಯಕ್ಷರು ಹೆಸರಿಸಿದರು. ಅಳಿವಿನಂಚಿನ ಪ್ರಾಣಿಗಳ ಕಾನೂನು ನೋಡಿಕೊಳ್ಳುವ ಇಲಾಖೆ ಅದೇ ಖಾತೆಯಡಿ ಬರುತ್ತದೆ. ಅವರು ಮೊದಲು ತೈಲ ಕಂಪನಿಗಳ, ದೊಡ್ಡ ನೀರಾವರಿ ಸಂಸ್ಥೆಯ ಪರ ಲಾಬಿ ಮಾಡಿದವರು. ಸಂರಕ್ಷಣಾ ಸಂಘಟನೆಗಳು ಜೋರಾಗಿ ವಿರೋಧಿಸಿದವು. ಕೊನೆಗೆ ಸೆನೆಟ್ 56–41 ಮತದಿಂದ ಅವರನ್ನೇ ಒಪ್ಪಿತು. ವಿರೋಧಿಸಿದವರು ಸೋತರು, ನಿಜ. ಆದರೆ ಒಪ್ಪುವ ಮೊದಲು ಅವರನ್ನು ಎಲ್ಲರ ಎದುರು ಕೂರಿಸಿ, ಹಿಂದೆ ಯಾರ ಕೆಲಸ ಮಾಡುತ್ತಿದ್ದಿರಿ ಎಂದು ಪ್ರಶ್ನೆ ಕೇಳಿದರು. ಯಾವ ಸೆನೆಟರ್ ಯಾವ ಕಡೆ ಮತ ಹಾಕಿದರು ಎಂಬುದು ದಾಖಲೆಯಲ್ಲಿದೆ. ನಮ್ಮಲ್ಲಿ ಆಕ್ಷೇಪ ಇದ್ದರೆ ಹೇಳುವ ಜಾಗವೇ ಇಲ್ಲ. ಪಟ್ಟಿ ಹೊರಬಿದ್ದ ಮೇಲೆ ಪೇಪರಿನಲ್ಲಿ ಓದುತ್ತೇವೆ, ಅಷ್ಟೇ.

ಹಾಗಾಗಿ ನಿಮ್ಮಲ್ಲಿ ನಮ್ಮ ಕೋರಿಕೆ ಇದು. ಮುಂದೆ ಮಂಡಳಿಗೆ ಹೆಸರು ಸೇರಿಸುವ ಮೊದಲು ಆ ಹೆಸರುಗಳನ್ನು, ಅವರು ಮಾಡಿದ ಕೆಲಸದ ವಿವರದ ಜೊತೆ, ಕನ್ನಡದಲ್ಲಿ ಪ್ರಕಟಿಸಿ. ಒಂದು ತಿಂಗಳು ಆಕ್ಷೇಪಣೆಗೆ ಸಮಯ ಕೊಡಿ. ಗಣಿ, ರೆಸಾರ್ಟ್, ಕ್ರಷರ್, ಕಂಟ್ರಾಕ್ಟ್ ವ್ಯವಹಾರ ತಮಗಾಗಲಿ ಮನೆಯವರಿಗಾಗಲಿ ಇದ್ದರೆ ಅದನ್ನು ಅವರು ಬರೆದು ಕೊಡಲಿ. ಸಂಬಂಧಪಟ್ಟ ಕಡತ ಬಂದಾಗ ಅಂಥವರು ಹೊರಗಿರಲಿ.

ಪರಿಶಿಷ್ಟ ಪಂಗಡದ ಎರಡು ಜಾಗಗಳ ಬಗ್ಗೆ ವಿಶೇಷವಾಗಿ ಕೇಳುತ್ತೇನೆ. ಅವು ಲೆಕ್ಕ ಭರ್ತಿಗೆ ಇರುವ ಜಾಗಗಳಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳಿರಲಿ, ನಾಗರಹೊಳೆ ಸುತ್ತಿನ ಜೇನುಕುರುಬರಿರಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿರಲಿ, ಕಾಡಿನೊಳಗೇ ಹುಟ್ಟಿ ಬೆಳೆದವರನ್ನು ಕರೆಯಿರಿ. ಅವರಿಗೆ ಅರ್ಥವಾಗುವ ಹಾಗೆ ಸಭೆಯ ಕಾಗದಗಳನ್ನು ಕನ್ನಡದಲ್ಲಿ ಕೊಡಿ. ದಪ್ಪ ಇಂಗ್ಲಿಷ್ ಕಡತ ಸಭೆಯ ದಿನ ಕೈಗಿಟ್ಟರೆ ಯಾರು ತಾನೇ ಏನು ಮಾತಾಡುತ್ತಾರೆ?

ಸಭೆಗೆ ಹದಿನೈದು ದಿನ ಮೊದಲು ಯಾವ ಯಾವ ಯೋಜನೆ ಚರ್ಚೆಗೆ ಬರುತ್ತದೆ ಎಂದು ಆ ಗ್ರಾಮ ಪಂಚಾಯಿತಿಗಳಿಗೆ ತಿಳಿಸಿ. ಸಭೆ ಮುಗಿದ ಮೇಲೆ ನಡಾವಳಿ ಹಾಕಿ. ವಿರೋಧಿಸಿದವರ ಕಾರಣವನ್ನೂ ಅದರಲ್ಲಿ ಬರೆಯಿರಿ, ಬರೀ "ಚರ್ಚಿಸಿ ಅನುಮೋದಿಸಲಾಯಿತು" ಎಂದಲ್ಲ. ದೊಡ್ಡ ಯೋಜನೆ ಇದ್ದರೆ ಸರ್ಕಾರದವರಲ್ಲದ ಇಬ್ಬರು ಸದಸ್ಯರಾದರೂ ಜಾಗಕ್ಕೆ ಬಂದು ನೋಡಿ ವರದಿ ಕೊಡುವವರೆಗೆ ಕಡತ ಮುಂದೆ ಹೋಗಬಾರದು. ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುವುದಲ್ಲ, ಇಳಿದು ನಡೆಯಬೇಕು.

ಶರಾವತಿ ಯೋಜನೆಗೆ ಮಂಡಳಿ ಮಾಡಿದ ಶಿಫಾರಸನ್ನು ಮತ್ತೊಮ್ಮೆ ಸಭೆಯ ಮುಂದಿಡಿ ಎಂದೂ ಬೇಡಿಕೊಳ್ಳುತ್ತೇವೆ. ಜನರ ಅಹವಾಲು ಈಗ ದಾಖಲೆಯಲ್ಲಿದೆ. ಶಿಫಾರಸು ಮಾಡುವಾಗ ಅದು ಮಂಡಳಿಯ ಮುಂದೆ ಇರಲಿಲ್ಲ. ಒಮ್ಮೆ ಸಿಗದ ಒಪ್ಪಿಗೆಯನ್ನು ಕೆಲವೇ ದಿನಗಳಲ್ಲಿ ಇನ್ನೊಂದು ಸಭೆ ಕರೆದು ಕೊಡಬಹುದಾದರೆ, ಕೊಟ್ಟ ಶಿಫಾರಸನ್ನು ಜನರ ಮಾತು ಕೇಳಿದ ಮೇಲೆ ಇನ್ನೊಮ್ಮೆ ನೋಡುವುದಕ್ಕೂ ಸಾಧ್ಯವಿದೆ.

ಮಾನ್ಯರೇ, ಉಪ್ಪಗೆ ಹಣ್ಣಾಗುವುದು ಮಳೆಗಾಲದಲ್ಲಿ. ಆಗ ಗುಂಪು ನಮ್ಮ ಬೆಟ್ಟದ ಅಂಚಿಗೆ ಬಂದೇ ಬರುತ್ತದೆ. ಮಂಡಳಿಯ ಸದಸ್ಯರು ಬರುವುದಾದರೆ ಉಳಿಯಲು ಜಗಲಿ ಇದೆ, ದಾರಿ ತೋರಿಸಲು ನಾವಿದ್ದೇವೆ. ಅವತ್ತು ಈಚೆ ಉಳಿದ ಮರಿಯನ್ನು ಕರೆದೊಯ್ಯಲು ತಾಯಿ ಕೊನೆಗೆ ತಾನೇ ರಸ್ತೆ ದಾಟಿ ವಾಪಸು ಬಂತು. ಆ ಜಾಗದಲ್ಲಿ ಆಚೆ ಬದಿಗೆ ನಾವು ಎರಡು ಸಸಿ ನೆಟ್ಟಿದ್ದೇವೆ. ಅವು ಕೊಂಬೆ ಚಾಚಿ ರಸ್ತೆ ದಾಟಲು ಇಪ್ಪತ್ತು ವರ್ಷವಾದರೂ ಬೇಕು.

ಈ ಪತ್ರಕ್ಕೆ ಲಿಖಿತ ಉತ್ತರ ಕೊಡಿ. ಬಂದರೆ ಅದನ್ನು ನಮ್ಮೂರ ಸೊಸೈಟಿಯ ಬೋರ್ಡಿಗೆ ಹಚ್ಚುತ್ತೇವೆ. ಅಡಿಕೆ ತರುವವರು, ಹಾಲು ಹಾಕುವವರು, ಉಪ್ಪಗೆ ಕೊಯ್ಯುವವರು ಎಲ್ಲರೂ ಅಲ್ಲಿ ನಿಂತು ಓದುತ್ತಾರೆ.

ಇತಿ ನಿಮ್ಮ ವಿಶ್ವಾಸಿ,
ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ